ಮುಚ್ಚಳ ಬಿಚ್ಚಿದವನು

ಚಳಿ ಹಿಂದೆಗೆಯುವ ಕಾಲ. ಹೊತ್ತು ಹುಟ್ಟಿತ್ತು, ಬಿಸಿಲು ಇನ್ನೂ ಗೋಡೆ ಇಳಿದಿರಲಿಲ್ಲ. ಬಾಟಲಿ ತೊಳೆಯುವ ಶೆಡ್ಡಿನಲ್ಲಿ ಇಂಗ್ಲಿಷ್ ಪಾಠ ಶುರುವಾದದ್ದು ಅಂಥ ಒಂದು ಬೆಳಿಗ್ಗೆ, ಪಾಳಿಯ ಸೈರನ್ನಿಗೆ ಮೊದಲು. ಪಾಠದ ಹೊತ್ತಿಗೆ ಕೂಲಿ ಇಲ್ಲ. ಬರದಿದ್ದವರಿಗೆ ಒಳಗೆ ಜಾಗವೂ ಇಲ್ಲ.

ತೊಳೆಯುವ ಹೆಂಗಸರು ಖಾಲಿ ಕ್ರೇಟುಗಳನ್ನು ಬೋರಲು ಹಾಕಿ ಕೂತರು. ಎದುರಿಗೆ ಒಬ್ಬ ಬಡಕಲು ಮೇಷ್ಟ್ರು. ಅವರ ಶಾಲೆ ಮುಚ್ಚಿಹೋಗಿತ್ತಂತೆ. ಹೆಗಲಿನ ಚೀಲದ ಹರಿದ ಪಟ್ಟಿಗೆ ಪಿನ್ನು ಚುಚ್ಚಿಕೊಂಡಿದ್ದರು. ಬಾಟಲಿ ಕೊಳ್ಳುವವರು ಹೊರದೇಶದಿಂದ ನೋಡಲು ಬರುತ್ತಾರೆ, ಕೆಲಸದವರನ್ನೇ ಮಾತಾಡಿಸುತ್ತಾರೆ, ಅದಕ್ಕೆ ನಾಲ್ಕು ಮಾತು ಕಲಿಯಬೇಕು ಎಂದರು.

"ನಮ್ಮ ಮಾತು ನಮಗೆ ಬರುತ್ತಲ್ಲ ಮೇಷ್ಟ್ರೇ," ಎಂದಳು ಪಟಾಕಿ. ಬಾಯಿ ಮುಚ್ಚದವಳು, ಅದಕ್ಕೇ ಆ ಹೆಸರು.

"ಅವರಿಗೆ ಬರಲ್ಲಮ್ಮಾ."

"ಮತ್ತೆ ಅವರೇ ಕಲೀಲಿ. ನೋಡೋಕೆ ಬರೋರು ಅವರು ತಾನೇ?"

ಹೆಂಗಸರು ನಕ್ಕರು. ದೊಡ್ಡಕ್ಕ ನಗಲಿಲ್ಲ. ಅವಳಿಗೆ ನಗುವಷ್ಟು ತ್ರಾಣ ಉಳಿದಿರಲಿಲ್ಲ. ಆ ಶೆಡ್ಡಿನಲ್ಲಿ ಎಲ್ಲರಿಗಿಂತ ಹಳಬಳು. ಕೂದಲು ಕಪ್ಪಿದ್ದಾಗ ಬಂದವಳು, ಈಗ ಹುಬ್ಬೂ ಬೆಳ್ಳಗಾಗಿತ್ತು. ಅವಳ ಪಕ್ಕದಲ್ಲಿ ಕೂತವಳು ಅವಳ ತಂಗಿ ಪುಟ್ಟಿ. ನಲವತ್ತು ದಾಟಿದ್ದರೂ ಪುಟ್ಟಿಯೇ. ಗಂಡನನ್ನು ಬಿಟ್ಟು ಬಂದ ಮೇಲೆ ಅಕ್ಕನ ಒಂದೇ ಕೋಣೆಯಲ್ಲಿ ಇಬ್ಬರದೂ ಬದುಕು.

ಕೆಲಸ ಹೇಳಬೇಕು. ಹಳೇ ಬಾಟಲಿ ಲಾರಿಯಲ್ಲಿ ಬರುತ್ತವೆ. ಒಳಗೆ ಸಿಗರೇಟಿನ ತುಂಡು, ಸತ್ತ ಜಿರಳೆ, ಯಾರೋ ಉಗಿದದ್ದು. ಬಾಟಲಿಗಳನ್ನು ತಂತಿ ಬುಟ್ಟಿಗೆ ತುಂಬಿ, ಬುಟ್ಟಿಯನ್ನು ಹಗ್ಗದಲ್ಲಿ ಬಿಸಿ ತೊಟ್ಟಿಗೆ ಇಳಿಸಬೇಕು. ತೊಟ್ಟಿಯಲ್ಲಿರುವುದು ಕಾಸ್ಟಿಕ್ ಸೋಡಾ. ಹೆಂಗಸರು ಅದನ್ನು ಖಾರದ ನೀರು ಎನ್ನುತ್ತಿದ್ದರು. ನೆನೆದದ್ದನ್ನು ಎತ್ತಿ, ಒಂದೊಂದಾಗಿ ಬ್ರಷ್ಷು ಹಾಕಿ ತಿಕ್ಕಬೇಕು. ಒಡೆದ ಬಾಯಿ ಕೈ ಕೊಯ್ಯುತ್ತದೆ. ಕೊಯ್ದ ಜಾಗಕ್ಕೆ ಖಾರದ ನೀರು ನುಗ್ಗುತ್ತದೆ. ವರ್ಷ ಕಳೆದಂತೆ ಅಂಗೈಯ ಗೆರೆ ಅಳಿಯುತ್ತದೆ. ಉಗುರು ಮೆತ್ತಗಾಗುತ್ತದೆ. ಮನೆಗೆ ಹೋಗಿ ಉಪ್ಪಿನ ಡಬ್ಬಿಗೆ ಕೈ ಹಾಕಿದರೆ ಪ್ರಾಣ ಹೋದಂತಾಗುತ್ತದೆ. ಮುಗಿಯಿತು. ಇದರಲ್ಲಿ ಕತೆ ಕಟ್ಟುವುದೇನೂ ಇಲ್ಲ.

ಮೇಷ್ಟ್ರು ಮೊದಲ ಮಾತು ಹೇಳಿಕೊಟ್ಟರು. "ವಿ ಆರ್ ಗಿವನ್ ಗ್ಲೌಸ್. ನಮಗೆ ಕೈಗವಸು ಕೊಡಲಾಗುತ್ತದೆ."

ಹೆಂಗಸರು ತಮ್ಮ ತಮ್ಮ ಕೈ ನೋಡಿಕೊಂಡರು.

"ಯಾವಾಗ ಕೊಡ್ತಾರೆ?" ಎಂದಳು ಪುಟ್ಟಿ, ನಿಜಕ್ಕೂ ಆಸೆಯಿಂದ.

"ಯಾರು ಕೊಡ್ತಾರೆ?" ಎಂದಳು ದೊಡ್ಡಕ್ಕ.

ಮೇಷ್ಟ್ರು ಎರಡನೆಯ ಪ್ರಶ್ನೆಯನ್ನೇ ಹಿಡಿದುಕೊಂಡರು. ಅದು ಅವರಿಗೆ ಸುಲಭವಾಗಿತ್ತೇನೋ. "ಇದು ಕರ್ಮಣಿ ಪ್ರಯೋಗ ಅಮ್ಮಾ. ಇಂಗ್ಲಿಷಲ್ಲಿ ದೊಡ್ಡ ದೊಡ್ಡ ಆಫೀಸುಗಳಲ್ಲೆಲ್ಲ ಹೀಗೇ ಬರೀತಾರೆ. ಆದದ್ದು ಮುಂದೆ ಬರುತ್ತೆ. ಮಾಡಿದವನು ಹಿಂದೆ ನಿಲ್ತಾನೆ. ಬೇಕಿದ್ದರೆ ಕೊನೇಲಿ ಬರ್ತಾನೆ, ಬೇಡದಿದ್ದರೆ ಬರೋದೇ ಇಲ್ಲ."

"ನಮ್ಮನೆ ಯಜಮಾನ!" ಎಂದು ಪಟಾಕಿ ತೊಡೆ ತಟ್ಟಿದಳು. "ಮಕ್ಕಳು ಮುಂದೆ ಬಂದ್ವು, ಅವನು ಬರಲೇ ಇಲ್ಲ!"

ಮೇಷ್ಟ್ರಿಗೂ ನಗು ಬಂತು. ಬಾಗಿಲ ಕಡೆ ನೋಡಿ ನುಂಗಿಕೊಂಡರು.

ಹೀಗೆ ಪಾಠ ಸಾಗಿತು. ನಮಗೆ ಶುದ್ಧ ನೀರು ಕೊಡಲಾಗುತ್ತದೆ. ನಮಗೆ ನಿಯಮಗಳನ್ನು ವಿವರಿಸಲಾಗಿದೆ. ಅರ್ಥ ಆಗದ್ದನ್ನು ನೆನಪಿಡುವುದು ಹೇಗೆ? ಹೆಂಗಸರಿಗೆ ಒಂದು ದಾರಿ ಗೊತ್ತಿತ್ತು. ಬುಟ್ಟಿ ಎಣಿಸುವಾಗ ಅವರು ರಾಗ ಹಾಕಿ ಎಣಿಸುತ್ತಿದ್ದರು. ಒಬ್ಬಳು ಎತ್ತಿಕೊಡಬೇಕು, ಉಳಿದವರು ಕೂಡಿಕೊಳ್ಳಬೇಕು. ಹಾಗೆ ಎಣಿಸಿದರೆ ತಪ್ಪುತ್ತಿರಲಿಲ್ಲ. ಇಂಗ್ಲಿಷನ್ನೂ ಅದೇ ರಾಗಕ್ಕೆ ಹಾಕಿಕೊಂಡರು. ವಾರ ಕಳೆದು ಸೂಪರ್‌ವೈಸರ್ ಪರೀಕ್ಷೆ ಮಾಡಲು ಬಂದ. ಒಬ್ಬಳನ್ನು ಎಬ್ಬಿಸಿ "ಹೇಳು" ಎಂದ. ಅವಳು "ವಿ ಆರ್ ಗಿವನ್" ಎಂದು ಎಳೆದದ್ದೇ ತಡ, ಇಡೀ ಶೆಡ್ಡು "ಗ್ಲೌ...ಸೂ" ಎಂದು ಎತ್ತಿಕೊಂಡಿತು. ಒಬ್ಬಳು ಅಭ್ಯಾಸಬಲದಿಂದ ಬುಟ್ಟಿಯನ್ನೂ ಮುಂದಕ್ಕೆ ನೂಕಿದಳು.

"ಏನ್ರೇ ಇದು, ಭಜನೆನಾ?" ಸೂಪರ್‌ವೈಸರ್ ಮೇಷ್ಟ್ರ ಕಡೆ ತಿರುಗಿದ. "ಇದಕ್ಕಾ ನಿಮ್ಮನ್ನ ಕರೆಸಿದ್ದು? ಕತ್ತೆಗಳಿಗೆ ಕತ್ತೆ ಕಾಯೋನು."

ಮೇಷ್ಟ್ರು ತಲೆ ತಗ್ಗಿಸಿದರು. ದೊಡ್ಡಕ್ಕ ಎದ್ದು ನಿಂತು, ರಾಗವಿಲ್ಲದೆ, ಒಂದೂ ಬಿಡದೆ, ಎಲ್ಲ ಮಾತನ್ನೂ ಹೇಳಿದಳು. ಮೇಷ್ಟ್ರ ಮರ್ಯಾದೆ ಉಳಿಯಲಿ ಎಂದು ಹೇಳಿದ್ದು. ಅದೇ ಅವಳ ಕೊರಳಿಗೆ ಬಂತು. "ಇವಳೇ ಮಾತಾಡ್ಲಿ," ಎಂದ ಸೂಪರ್‌ವೈಸರ್. "ಉಳಿದೋರು ಬಾಯಿ ಹೊಲಕೊಳ್ಳಿ."

ಅದೇ ದಿನಗಳಲ್ಲಿ ಲಾರಿ ಹೆಚ್ಚಾದವು. ತೊಟ್ಟಿಗೆ ಕಬ್ಬಿಣದ ಮುಚ್ಚಳ ಇತ್ತು. ಬುಟ್ಟಿ ಇಳಿಸಿದ ಮೇಲೆ ಎಳೆದು ಮುಚ್ಚಬೇಕು, ಎತ್ತುವಾಗ ತೆರೆದು ಮುಂದೆ ಅಡ್ಡ ನಿಲ್ಲಿಸಬೇಕು, ನೀರು ಸಿಡಿದರೆ ಅದಕ್ಕೇ ಸಿಡಿಯಲಿ ಎಂದು. ಹೊತ್ತು ಹಿಡಿಯುತ್ತದೆ. ಒಂದು ಮಧ್ಯಾಹ್ನ ಸೂಪರ್‌ವೈಸರ್ ಸ್ಪ್ಯಾನರ್ ತಂದ. ತೋಳು ಮಡಚಿದ. ತಾನೇ ಒಂದೊಂದೇ ಬೋಲ್ಟು ಬಿಚ್ಚಿದ. "ಏಯ್, ಅಕ್ಕತಂಗಿ, ಬನ್ನಿ, ಆ ಕಡೆ ಹಿಡೀರಿ," ಎಂದ.

"ಇದಿಲ್ದೆ ಹೆಂಗೆ?" ಎಂದಳು ದೊಡ್ಡಕ್ಕ.

"ಹೆಂಗೆ ಅಂದ್ರೆ ಹಂಗೆ. ಹಿಡಿ."

ಹಿಡಿದರು. ಮುಚ್ಚಳ ಶೆಡ್ಡಿನ ಹಿಂದೆ ಹೋಗಿ ಗೋಡೆಗೆ ಒರಗಿತು.

ಆಮೇಲೆ ಹೆಚ್ಚು ದಿನ ಆಗಲಿಲ್ಲ. ಪುಟ್ಟಿ ಬುಟ್ಟಿ ಎತ್ತುತ್ತಿದ್ದಳು. ಹಗ್ಗ ಒದ್ದೆಯಾಗಿತ್ತು. ಜಾರಿತು. ತುಂಬಿದ ಬುಟ್ಟಿ ದಬಕ್ಕನೆ ತೊಟ್ಟಿಗೆ ಬಿತ್ತು. ಖಾರದ ನೀರು ಆಳೆತ್ತರ ಹಾರಿತು.

ಪುಟ್ಟಿ ಕೂಗಲಿಲ್ಲ. ಅದು ದೊಡ್ಡಕ್ಕನಿಗೆ ಕೊನೆಯವರೆಗೂ ಮರೆತುಹೋಗಲಿಲ್ಲ. ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡು, "ಅಕ್ಕ, ಕಣ್ಣು," ಎಂದಳು, ಯಾವುದೋ ಸಾಮಾನು ಕೆಳಗೆ ಬಿತ್ತು ಎನ್ನುವ ಹಾಗೆ.

ನೀರು ಸುರಿದರು. ಕೊಡಗಟ್ಟಲೆ ಸುರಿದರು. ಆಫೀಸಿನ ಮುಂದೆ ಕಾರು ನಿಂತಿತ್ತು. "ಸೀಟು ಸುಟ್ಟುಹೋಗುತ್ತೆ, ನಾನು ಉತ್ತರ ಕೊಡ್ಬೇಕು," ಎಂದ ಡ್ರೈವರು. ಬಾಟಲಿ ಲಾರಿಯ ಮುಂದುಗಡೆ ಕೂರಿಸಿಕೊಂಡು ಹೋದರು. ದಾರಿಯುದ್ದಕ್ಕೂ ಹಿಂದೆ ಖಾಲಿ ಬಾಟಲಿಗಳು ಗಲಗಲ ಎನ್ನುತ್ತಿದ್ದವು. ಆಸ್ಪತ್ರೆಯಲ್ಲಿ ಒಂದು ಕಣ್ಣು ಹೋಯಿತು. ಆ ಬದಿಯ ಕೆನ್ನೆ ಸುಟ್ಟ ಹಪ್ಪಳದಂತೆ ಸೊಟ್ಟಗಾಯಿತು.

ಪುಟ್ಟಿ ಮನೆಗೆ ಬಂದಳು. ಗೋಡೆಗೆ ಒರಗಿ ಕೂತಳು. ದೊಡ್ಡಕ್ಕ ಮರುದಿನ ಕೆಲಸಕ್ಕೆ ಹೋದಳು. ಹೋಗದೆ ಏನು ಮಾಡುತ್ತಾಳೆ? ಇಬ್ಬರ ಹೊಟ್ಟೆ ಒಬ್ಬಳ ಕೈಯಲ್ಲಿತ್ತು. ತೊಟ್ಟಿ ಹಾಗೇ ಬಾಯಿ ತೆರೆದುಕೊಂಡಿತ್ತು. ತಂಗಿಯ ಹಗ್ಗ ಅವಳಿಗೆ ಕೊಟ್ಟರು.

ಪಾಠ ಮತ್ತೆ ಶುರುವಾಯಿತು. ಮೇಷ್ಟ್ರು ಅವಳೊಬ್ಬಳನ್ನೇ ಸ್ಟೋರಿನ ಕೋಣೆಗೆ ಕರೆದರು. ಕೈಯಲ್ಲಿ ಒಂದು ಚೀಟಿ ಇತ್ತು. ಅದನ್ನು ನೋಡುತ್ತಿದ್ದರೇ ಹೊರತು ಅವಳನ್ನು ನೋಡುತ್ತಿರಲಿಲ್ಲ.

"ಹೊಸ ಮಾತು ಸೇರಿಸಿದ್ದಾರಮ್ಮಾ. ಎ ವರ್ಕರ್ ವಾಸ್ ಇಂಜ್ಯೂರ್ಡ್. ಒಬ್ಬ ಕೆಲಸಗಾರ್ತಿಗೆ ಗಾಯವಾಯಿತು. ಶಿ ವಾಸ್ ಟ್ರೀಟೆಡ್. ಅವಳಿಗೆ ಚಿಕಿತ್ಸೆ ಕೊಡಿಸಲಾಯಿತು. ಶಿ ಈಸ್ ಲುಕ್ಡ್ ಆಫ್ಟರ್. ಅವಳನ್ನು ಚೆನ್ನಾಗಿ ನೋಡಿಕೊಳ್ಳಲಾಗುತ್ತಿದೆ."

ದೊಡ್ಡಕ್ಕ ಚೀಟಿಯ ಮೇಲೆ ಬೆರಳಿಟ್ಟಳು.

"ಇದು ನನ್ನ ಪುಟ್ಟಿ ಅಲ್ವಾ ಮೇಷ್ಟ್ರೇ?"

"ಹೌದಮ್ಮಾ."

"ಮುಚ್ಚಳ ಎಲ್ಲಿ ಇದರಲ್ಲಿ?"

"ಇಲ್ಲ."

"ಕೊನೇಲಿ ಬರ್ತಾನೆ ಅಂದ್ರಲ್ಲ, ಮಾಡಿದವನು. ಕೊನೇಲಾದ್ರೂ ಹಾಕಿಕೊಡಿ."

ಮೇಷ್ಟ್ರು ಚೀಟಿ ಮಡಚಿದರು. "ಅವರು ಬರೆದುಕೊಟ್ಟಿದ್ದೇ ಇಷ್ಟು. ನನಗೂ ಮನೇಲಿ ಒಲೆ ಉರೀಬೇಕಮ್ಮಾ."

ಅವಳಿಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಸಿಟ್ಟಿಗೂ ಮೈಯಲ್ಲಿ ಶಕ್ತಿ ಬೇಕು.

ಸಂಜೆ ಸೂಪರ್‌ವೈಸರ್ ಅವಳನ್ನು ಆಫೀಸಿನ ಮೆಟ್ಟಿಲ ಕೆಳಗೆ ನಿಲ್ಲಿಸಿಕೊಂಡ. ದನಿ ಮೆತ್ತಗಿತ್ತು. "ನೋಡು ದೊಡ್ಡಕ್ಕ, ನಿನ್ನ ತಂಗಿಗೆ ಲೇಬಲ್ ಕೋಣೇಲಿ ಜಾಗ ಮಾಡಿಸ್ತೀನಿ. ನೀರು ಮುಟ್ಟದ ಕೆಲಸ. ಸ್ಟೂಲ್ ಮೇಲೆ ಕೂತು ಅಂಟಿಸೋದು. ಒಂದು ಕಣ್ಣು ಸಾಕು. ನೀನು ಆ ಮಾತು ನೆಟ್ಟಗೆ ಹೇಳ್ಬಿಡು."

"ಹೇಳದಿದ್ರೆ?"

"ಮುಚ್ಚಳ ಹಿಡಿದೋರು ನೀವೇ ಇಬ್ರು. ಅದು ನೆನಪಿರಲಿ."

ಮನೆಯಲ್ಲಿ ಅಕ್ಕ ಇದನ್ನೆಲ್ಲ ಹೇಳಿದಳು. ಪುಟ್ಟಿ ಕಣ್ಣಿನ ಬಟ್ಟೆ ಬಿಚ್ಚಿ, ಒಗೆದದ್ದು ಕಟ್ಟಿಕೊಳ್ಳುತ್ತಿದ್ದಳು.

"ಹೇಳ್ಬಿಡು ಅಕ್ಕ," ಎಂದಳು. "ಇಂಗ್ಲಿಷಲ್ಲಿ ತಾನೇ? ನಮಗೆ ಗೊತ್ತಿಲ್ಲದ ಮಾತಲ್ಲಿ ಹೇಳಿದ್ರೆ ಅದು ಸುಳ್ಳಾದ್ರೂ ಹೆಂಗಾಗುತ್ತೆ?"

"ಕೇಳೋರಿಗೆ ಗೊತ್ತಲ್ಲೇ."

"ಸ್ಟೂಲು ಅಕ್ಕ. ಸ್ಟೂಲ್ ಮೇಲೆ ಕೂತು ಕೆಲಸ. ನಮ್ಮ ವಂಶದಲ್ಲಿ ಯಾರಾದ್ರೂ ಕೂತು ದುಡಿದಿದ್ದಾರಾ?"

ತಂಗಿಯ ಆಸೆ ದೊಡ್ಡದೇನಲ್ಲ. ಅದಕ್ಕೇ ಅದು ಎದೆಯ ಮೇಲೆ ಅಷ್ಟು ಭಾರವಾಗಿ ಕೂತಿತು. ಹೇಳಿಬಿಡೋಣ ಎಂದೇ ದೊಡ್ಡಕ್ಕ ನಿಶ್ಚಯ ಮಾಡಿದ್ದಳು. ಇದು ನಿಜ. ನೀರು ಹೊರುವಾಗ, ಪಾತ್ರೆ ತಿಕ್ಕುವಾಗ, ದಾರಿ ನಡೆಯುವಾಗ ಹೇಳಿಕೊಂಡು ನಡೆದಳು. ಎ ವರ್ಕರ್ ವಾಸ್ ಇಂಜ್ಯೂರ್ಡ್. ಹೇಳಿ ಹೇಳಿ ನಾಲಿಗೆಗೆ ಅದು ಅಭ್ಯಾಸವಾಯಿತು. ಹೊಟ್ಟೆಗೆ ಆಗಲಿಲ್ಲ.

ಬೇಸಿಗೆ ಏರಿದ ಮೇಲೆ, ಹೊರದೇಶದವರು ಬರುವ ಆ ದಿನ ಬಂತು. ಶನಿವಾರ. ಬೆಳಿಗ್ಗೆಯೇ ಬೀರು ತೆರೆದು ಕೈಗವಸು ಹಂಚಿದರು. ಎಲ್ಲ ಒಂದೇ ಅಳತೆ, ಗಂಡಸರ ಕೈಯವು. ಮಡಿಕೆಯ ಗೆರೆ ಹಾಗೇ ಇತ್ತು. ಪಟಾಕಿ ತನ್ನವನ್ನು ಹಾಕಿಕೊಂಡು ಬೆರಳು ಆಡಿಸಿದಳು. ರಬ್ಬರಿನ ತುದಿಗಳು ಖಾಲಿ ನೇತಾಡಿದವು. "ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಅಂತಿದ್ದಳು ನಮ್ಮಜ್ಜಿ," ಎಂದಳು. "ಇವರು ಹುಣ್ಣಿಗೇ ಚೀಲ ಹಾಕಿದ್ರು ನೋಡು." ತೊಟ್ಟಿಯ ಮೇಲೆ ಮುಚ್ಚಳ ವಾಪಸು ಬಂದಿತ್ತು. ಹಸಿರು ಬಣ್ಣ ಬಳಿದಿದ್ದರು. ಇನ್ನೂ ಆರಿರಲಿಲ್ಲ.

ಬಂದವರು ಮೂವರು. ಒಬ್ಬ ಹೆಂಗಸು, ಇಬ್ಬರು ಗಂಡಸರು. ಹೆಂಗಸಿನ ಮುಖ ಕೆಟ್ಟದ್ದಾಗಿರಲಿಲ್ಲ. ಬಿಸಿಗೆ ಬೆವರುತ್ತಿದ್ದಳು. ಮ್ಯಾನೇಜರ್, ಸೂಪರ್‌ವೈಸರ್ ಹಿಂದೆ ಹಿಂದೆ ಬಂದರು. ದುಭಾಷಿ ಬೇಕಾದರೆ ಎಂದು ಮೇಷ್ಟ್ರನ್ನೂ ನಿಲ್ಲಿಸಿದ್ದರು.

ದೊಡ್ಡಕ್ಕ ಮುಂದೆ ಬಂದಳು. "ವಿ ಆರ್ ಗಿವನ್ ಗ್ಲೌಸ್," ಎಂದಳು. ಆ ಹೆಂಗಸು ತಲೆದೂಗಿದಳು. "ವಿ ಆರ್ ಗಿವನ್ ಕ್ಲೀನ್ ವಾಟರ್." ಮ್ಯಾನೇಜರ್ ನಕ್ಕ. ನಿಯಮದ ಮಾತೂ ಆಯಿತು.

"ಎ ವರ್ಕರ್ ವಾಸ್," ಎಂದಳು.

ಅಲ್ಲಿ ನಿಂತಳು. ಮರೆತಿರಲಿಲ್ಲ. ಮಾತು ಬಾಯಲ್ಲೇ ಇತ್ತು. ಯಾರೋ ಒಬ್ಬ ಕೆಲಸಗಾರ್ತಿ. ಬೀದಿಯಲ್ಲಿ ಹೋಗುವವಳು. ಹೆಸರಿಲ್ಲದವಳು, ಅಕ್ಕನಿಲ್ಲದವಳು. ಬೆನ್ನ ಮೇಲೆ ಹೊತ್ತು ಸಾಕಿದ ತಂಗಿಯನ್ನು ಹಾಗೆ ಕರೆಯಲು ಅವಳ ಬಾಯಿ ಒಪ್ಪಲಿಲ್ಲ.

ಸೂಪರ್‌ವೈಸರ್ ಹಲ್ಲಿನ ಸಂದಿಯಿಂದ "ಇಂಜ್ಯೂರ್ಡ್" ಎಂದ.

"ಗೊತ್ತು, ನಿಲ್ಲಪ್ಪ," ಎಂದಳು ದೊಡ್ಡಕ್ಕ. ಆಮೇಲೆ ತನ್ನ ಮಾತಿನಲ್ಲೇ ಆ ಹೆಂಗಸಿಗೆ ಹೇಳಿದಳು. "ಅವಳು ನನ್ನ ತಂಗಿ. ಈ ಮುಚ್ಚಳ ಇವತ್ತು ಬೆಳಿಗ್ಗೆ ಹಾಕಿದ್ದು. ಕೆಲಸ ಓಡ್ಲಿ ಅಂತ ಇದನ್ನ ಬಿಚ್ಚಿದವನು ನಮ್ಮ ಸೂಪರ್‌ವೈಸರ್. ತಾನೇ ಸ್ಪ್ಯಾನರ್ ಹಿಡಿದು ಬಿಚ್ಚಿದ. ಹೊತ್ತವರು ನಾನು, ನನ್ನ ತಂಗಿ. ಆಮೇಲೆ ಅವಳ ಕಣ್ಣು ಹೋಯ್ತು. ಕಾರಲ್ಲಿ ಕೂರಿಸಲಿಲ್ಲ. ಸೀಟು ಹಾಳಾಗುತ್ತೆ ಅಂದ್ರು."

ಶೆಡ್ಡಿನಲ್ಲಿ ಬ್ರಷ್ಷಿನ ಸದ್ದು ನಿಂತಿತು. ಎಲ್ಲರೂ ಮೇಷ್ಟ್ರ ಕಡೆ ನೋಡಿದರು. ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. ಇಂಗ್ಲಿಷಲ್ಲಿ ಏನೋ ಹೇಳಿದರು. ಚಿಕ್ಕದಾಗಿ ಹೇಳಿದರು.

ದೊಡ್ಡಕ್ಕ ಬಂದವರ ಮುಖ ನೋಡಿದಳು. ಮೂವರೂ ಮುಚ್ಚಳ ನೋಡಿದರು. ಯಾರ ಕಣ್ಣೂ ಸೂಪರ್‌ವೈಸರ್ ಕಡೆ ತಿರುಗಲಿಲ್ಲ. ಅವಳಿಗೆ ಅಷ್ಟು ಸಾಕಾಯಿತು.

"ಮೇಷ್ಟ್ರೇ, ಏನಂದ್ರಿ?"

"ಮುಚ್ಚಳ ತೆಗೆಯಲಾಗಿತ್ತು ಅಂದೆನಮ್ಮಾ."

"ತೆಗೆದವನು?"

ಮೇಷ್ಟ್ರು ಚೀಲದ ಪಿನ್ನು ಮುಟ್ಟಿಕೊಂಡರು.

"ಹೋಗ್ಲಿ ಬಿಡಿ," ಎಂದಳು ದೊಡ್ಡಕ್ಕ. "ನಿಮ್ಮನ್ಯಾಕೆ ಅಂತೀನಿ."

ಅವಳು ಕೈಗವಸು ಎಳೆದು ತೆಗೆದಳು. ಒಳಗಿನ ಕೈ ಸಿಪ್ಪೆ ಸುಲಿದ ಗೆಣಸಿನ ಹಾಗಿತ್ತು. ನಡೆದಳು. ಸಂಕಟದಿಂದ, ನಿಧಾನಕ್ಕೆ, ಮಂಡಿ ನೋವಿನವರು ನಡೆಯುವ ಹಾಗೆ ನಡೆದಳು. ಸೂಪರ್‌ವೈಸರ್ ಎದುರು ನಿಂತು ಆ ಕೈಯನ್ನು ಅವನ ಹೆಗಲ ಮೇಲೆ ಇಟ್ಟಳು. ಹೊಡೆಯಲಿಲ್ಲ. ಎಳೆಯಲಿಲ್ಲ. ಇಟ್ಟಳು ಅಷ್ಟೇ.

"ಇವನು," ಎಂದಳು.

ಅದಕ್ಕೆ ದುಭಾಷಿ ಬೇಕಾಗಲಿಲ್ಲ. ಮೂವರೂ ಅವನನ್ನು ನೋಡಿದರು. ಅವನು ಹೆಗಲು ಜಾಡಿಸಿಕೊಳ್ಳಬೇಕೆಂದಿದ್ದ. ನೋಡುವವರಿದ್ದರು, ಜಾಡಿಸಲಿಲ್ಲ. ಮ್ಯಾನೇಜರ್ ನಗುನಗುತ್ತ ಚಹಾದ ಮಾತು ತೆಗೆದ. ಆ ಹೆಂಗಸು ಏನೋ ಬರೆದುಕೊಂಡಳು. ಹೋಗುವಾಗ ತಿರುಗಿ ಒಮ್ಮೆ ದೊಡ್ಡಕ್ಕನ ಕೈ ನೋಡಿದಳು. ಅವರು ಮಧ್ಯಾಹ್ನದೊಳಗೆ ಹೊರಟುಹೋದರು. ಬರೆದುಕೊಂಡದ್ದು ಏನಾಯಿತೋ, ಆ ಶೆಡ್ಡಿನವರಿಗೆ ತಿಳಿಯಲಿಲ್ಲ.

ಮನೆಯಲ್ಲಿ ಪುಟ್ಟಿ ಕೇಳಿದಳು. "ಹೇಳಿದೆಯಾ?"

"ಹೇಳ್ದೆ."

"ಇಂಗ್ಲಿಷಲ್ಲಾ?"

"ಇಲ್ಲ."

ಪುಟ್ಟಿ ಗೋಡೆ ಕಡೆ ತಿರುಗಿದಳು. "ನನ್ನನ್ನ ಒಂದು ಮಾತು ಕೇಳಬೇಕಿತ್ತು," ಎಂದಳು.

"ಕೇಳಬೇಕಿತ್ತು ಕಣೇ. ಅಲ್ಲಿ ನಿಂತಾಗ ಹೊತ್ತಿರಲಿಲ್ಲ."

"ಸ್ಟೂಲು ಹೋಯ್ತು."

"ಹೋಯ್ತು ಅನ್ನಬೇಡ. ಅವನು ಕಿತ್ಕೊಂಡ ಅನ್ನು. ಇಲ್ಲಾ ಅಕ್ಕ ಕಳೆದಳು ಅನ್ನು. ಸುಮ್ನೆ ಹೋಯ್ತು ಅನ್ನಬೇಡ."

ಸೋಮವಾರ ದೊಡ್ಡಕ್ಕ ಗೇಟಿಗೆ ಬಂದಳು. ಕಾವಲುಗಾರ ಕೋಲು ಅಡ್ಡ ಹಿಡಿದ. ಅವನೂ ಅವಳ ಜೊತೆ ಮುದುಕನಾದವನು.

"ನಿನ್ನನ್ನ ಕೆಲಸದಿಂದ ತೆಗೆಯಲಾಗಿದೆ ಅಂತ ಹೇಳೋಕೆ ಹೇಳಿದ್ದಾರೆ ಅಕ್ಕ."

"ಯಾರು ತೆಗೆದದ್ದು?"

"ಅದು... ಮೇಲಿಂದ ಬಂದಿದೆ."

"ಮೇಲಿಂದ ಬರೋದು ಮಳೆ. ಯಾರು ತೆಗೆದ್ರು ಹೇಳು, ಹೋಗ್ತೀನಿ."

"ನಾನಲ್ಲಕ್ಕ, ದೇವರಾಣೆ."

"ನೀನಲ್ಲ ಅಂತ ಗೊತ್ತು. ತೆಗೆದವನು ಬಂದು ಹೇಳ್ಲಿ."

ಅವಳು ಗೇಟಿನ ಪಕ್ಕದ ಕಲ್ಲಿನ ಮೇಲೆ ಕೂತಳು. ಘೋಷಣೆ ಕೂಗಲಿಲ್ಲ. ಕೂಗಲು ಬರುತ್ತಲೂ ಇರಲಿಲ್ಲ. ಲಾರಿ ಬಂದವು, ಹೋದವು. ಧೂಳು ಎದ್ದಾಗ ಸೆರಗು ಮುಖಕ್ಕೆ ಹಿಡಿದಳು. ಮಧ್ಯಾಹ್ನ ಗುಮಾಸ್ತನೊಬ್ಬ ಬಂದು, "ತೀರ್ಮಾನ ಆಗಿಹೋಗಿದೆ, ಕೂತು ಏನು ಪ್ರಯೋಜನ?" ಎಂದ. "ನೀನು ತೀರ್ಮಾನ ಮಾಡಿದೆಯಾ ಮಗ?" ಎಂದಳು. ಅವನು ಬಂದ ದಾರಿಗೆ ಸುಂಕವಿಲ್ಲದಂತೆ ಒಳಗೆ ಹೋದ. ಸಂಜೆ ಅವಳೂ ಎದ್ದು ಮನೆಗೆ ಹೋದಳು.

ಮಂಗಳವಾರ ಬೆಳಿಗ್ಗೆ ಮತ್ತೆ ಬಂದು ಅದೇ ಕಲ್ಲಿನ ಮೇಲೆ ಕೂತಳು. ಸ್ವಲ್ಪ ಹೊತ್ತಿಗೆ ಪುಟ್ಟಿ ಬಂದಳು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಒಂದು ಕೈಯಲ್ಲಿ ಗೋಡೆ ಸವರುತ್ತ ಬಂದಳು.

"ನೀನ್ಯಾಕೆ ಬಂದೆ?"

"ಮನೇಲಿ ಕೂತ್ರೂ ಕೂರೋದೇ. ಸರಿ, ಜಾಗ ಬಿಡು."

ಅಕ್ಕ ಸರಿದಳು. ಪಾಳಿ ಬಿಟ್ಟಾಗ ಹೆಂಗಸರು ಇಬ್ಬರ ಮುಂದೆ ಹಾದು ಹೋದರು. ತಲೆ ತಗ್ಗಿಸಿಯೇ ಹೋದರು. ಪಟಾಕಿ ಮಾತ್ರ ನಿಂತಳು. ಏನೋ ತಮಾಷೆ ಹೇಳಲು ಬಾಯಿ ತೆರೆದಳು. ಬರಲಿಲ್ಲ. ತನ್ನ ನೀರಿನ ಬಾಟಲಿಯನ್ನು ಪುಟ್ಟಿಯ ಮಡಿಲಲ್ಲಿ ಇಟ್ಟು ಹೋದಳು.

ಬುಧವಾರ ಬಿಸಿಲು ಜೋರಾಗಿತ್ತು. ಲಾರಿಯವರು ಕೇಳತೊಡಗಿದ್ದರು. ಈ ಮುದುಕಿ ಯಾರು, ಆ ಮುಖ ಏನಾಯಿತು? ದೊಡ್ಡಕ್ಕ ಕೇಳಿದವರಿಗೆಲ್ಲ ಅದೇ ಮೂರು ಮಾತು ಹೇಳುತ್ತಿದ್ದಳು. ಅವನು ಬಿಚ್ಚಿದ. ನಾವು ಹೊತ್ತೆವು. ಇವಳ ಕಣ್ಣು ಹೋಯ್ತು. ಬಾಟಲಿಯ ಜೊತೆ ಆ ಮಾತೂ ಊರೂರಿಗೆ ಹೋಗತೊಡಗಿತು. ಮ್ಯಾನೇಜರ್ ಸೂಪರ್‌ವೈಸರನ್ನು ಒಳಗೆ ಕರೆದ. ಒಳಗೆ ಏನಾಯಿತೋ. ಪಾಳಿ ಬದಲಾಗುವ ಹೊತ್ತಿಗೆ ಸೂಪರ್‌ವೈಸರ್ ಗೇಟಿಗೆ ಬಂದ. ಒಳಗೆ ಹೋಗುವ ಹೆಂಗಸರು, ಹೊರಗೆ ಬರುವ ಹೆಂಗಸರು ಎಲ್ಲ ಅಲ್ಲೇ ಇದ್ದರು.

"ಏನು ಬೇಕು ನಿಂಗೆ?" ಎಂದ.

"ಕೆಲಸದಿಂದ ನನ್ನ ತೆಗೆದವರು ಯಾರು?"

"ತೆಗೆದಾಗಿದೆ, ಅಷ್ಟೇ."

"ಯಾರು?"

ಅವನು ಆ ಕಡೆ ಈ ಕಡೆ ನೋಡಿದ. ಕಾವಲುಗಾರ ಕೋಲು ನೋಡುತ್ತಿದ್ದ. ಹೆಂಗಸರು ಅವನನ್ನು ನೋಡುತ್ತಿದ್ದರು.

"ನಾನು," ಎಂದ.

"ಗಟ್ಟಿಯಾಗಿ ಹೇಳಪ್ಪ. ಇವಳಿಗೆ ಆ ಕಡೆ ಕಿವೀನೂ ಮಂದ ಆಗಿದೆ."

"ನಾನು ತೆಗೆದೆ! ನಿನ್ನನ್ನ ನಾನು ತೆಗೆದೆ, ಸಾಕಾ? ಎದ್ದು ಹೋಗು!"

"ಸಾಕು," ಎಂದಳು ದೊಡ್ಡಕ್ಕ.

ಕಲ್ಲಿಗೆ ಕೈಯೂರಿ ಎದ್ದಳು. ಸೀರೆಯ ಧೂಳು ಕೊಡವಿದಳು. ತಂಗಿಯ ಕೈ ಹಿಡಿದು, ನೆಟ್ಟಗಿರುವ ಕಣ್ಣಿನ ಬದಿಯನ್ನು ರಸ್ತೆಗೆ ಬಿಟ್ಟು, ತಾನು ಇನ್ನೊಂದು ಬದಿಗೆ ನಡೆದಳು. ಅವರ ಹಿಂದೆ ಯಾರೂ ಹೋಗಲಿಲ್ಲ. ಹೋಗುವ ಹಾಗೂ ಇರಲಿಲ್ಲ. ಸೈರನ್ನು ಕೂಗಿತು. ಹೆಂಗಸರು ಒಳಗೆ ಹೋದರು.

ಬುಧವಾರ ಹೋದವರು ಅಕ್ಕ ಮತ್ತು ತಂಗಿ. ಕಳಿಸಿದವನು ಸೂಪರ್‌ವೈಸರ್.